ಪ್ರತಿಕ್ರಿಯೆ: ಅಪ್ಪಯ್ಯ ಗೌಡರದ್ದು 1834 ಆ, 1837 ಆ?

ಕೊಡಗಿನ ಅಪ್ಪಯ್ಯ ಗೌಡರ ಹೋರಾಟ 1834ರದ್ದೋ 1837ರದ್ದೋ ಅಂತ ಕೇಳಿದ್ದೀರಿ. ಕೊಡಗಿನ ರಾಜ ಪಟ್ಟ ಕಳೆದುಕೊಂಡದ್ದು, ಆಮೇಲೆ ಬ್ರಿಟಿಷರ ವಿರುದ್ಧ ಎದ್ದ ದಂಗೆ, ಈ ಎರಡು ಬೇರೆ ಘಟನೆಗಳು ಬೆರೆತುಹೋಗಿರಬೇಕು, ಅದಕ್ಕೇ ನಿಮ್ಮ ಮಗಳ ಭಾಷಣದಲ್ಲಿ ಇಸವಿ ತಾಳೆಯಾಗುತ್ತಿಲ್ಲ. ನೀವು ಬರೆದುಕೊಟ್ಟ ಪುಟ ನಾನು ನೋಡಿಲ್ಲ, ಆದರೆ ನಮ್ಮ ಹುಡುಗನ ಚಾರ್ಟಿನಲ್ಲೂ ಇದೇ ಎಡವಟ್ಟಾಗಿತ್ತು. ರಾಜನ ಚಿತ್ರದ ಕೆಳಗೆ ಸ್ಕೆಚ್ ಪೆನ್ನಿನಲ್ಲಿ 1837 ಅಂತ ಬರೆದು, ಆಮೇಲೆ ಅದರ ಮೇಲೆ ಬಿಳಿ ಕಾಗದ ಅಂಟಿಸಿದ್ದೆವು.

ಮೊದಲು ರಾಜನ ವಿಷಯ ಮುಗಿಸಿ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡದ್ದು 1834ರಲ್ಲಿ, ಆಮೇಲೆ ಅವನನ್ನು ಕಾಶಿಗೆ ಕಳಿಸಿದರು. ಒಂದು ಸಾಲು ಸಾಕು.

ಆಮೇಲೆ ದಂಗೆಯ ಕಾರಣ ಬರಲಿ, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಯವರು ಮಂಗಳೂರು ಕಡೆಯ ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ರೈತರು ಬೆಳೆದದ್ದನ್ನೇ ಅಳೆದು ಕಂದಾಯ ಕೊಡುತ್ತಿದ್ದರು, ಈಗ ನಗದೇ ಬೇಕು ಅಂದರು. ಕಣಜದಲ್ಲಿ ಭತ್ತ ಇದ್ದರೂ ಕೈಯಲ್ಲಿ ದುಡ್ಡಿಲ್ಲದವನು ಸಾಲ ಕೊಡುವವನ ಬಾಗಿಲಿಗೇ ಹೋಗಬೇಕಲ್ವಾ?

ಅದಾದ ಮೇಲೆ 1837. ಸುಳ್ಯದಿಂದ ಹೊರಟ ದಂಗೆಯವರ ದಂಡು ಏಪ್ರಿಲ್‌ನಲ್ಲಿ ಮಂಗಳೂರಿಗೆ ನುಗ್ಗಿ, ಸುಮಾರು ಎರಡು ವಾರ ಊರನ್ನು ಹಿಡಿದಿಟ್ಟುಕೊಂಡಿತು. ಅದರ ಮುಂದಾಳುಗಳಲ್ಲಿ ಕೆದಂಬಾಡಿ ರಾಮಯ್ಯ ಗೌಡರನ್ನು ಮರೆಯಬೇಡಿ. ಕೊಡಗಿನ ಕಡೆಯಿಂದ ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡರು. ಅವರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

‘ರಾಜನ ಜೊತೆ ನಿಂತು ಹೋರಾಡಿದರು’ ಅನ್ನೋ ಸಾಲು ಭಾಷಣದಲ್ಲಿದ್ದರೆ ತೆಗೆದುಬಿಡಿ, ಆಗ ರಾಜ ಕೊಡಗಿನಲ್ಲೇ ಇರಲಿಲ್ಲ. ಅಲ್ಲಿ ‘1857ಕ್ಕೂ 20 ವರ್ಷ ಮೊದಲು’ ಅಂತ ಹಾಕಿ, ಇಸವಿ ಮಗುವಿಗೂ ಸುಲಭವಾಗಿ ನೆನಪಿರುತ್ತದೆ.