ಬಾವಲಿ ಮೈಮೇಲೆ ಜೇಡದ ಥರ ಓಡೋ ಹುಳ ಯಾವ್ದು, ಎಣಿಸೋದು ಹೇಗೆ?

ಪ್ರಶ್ನೆ: ನಮಸ್ತೆ ಸರ್, ಕೋಲಾರದಲ್ಲಿ ಬಿಎಸ್ಸಿ ಓದ್ತಿದೀನಿ. ನಮ್ಮೂರ ಪಾಳು ಮಂಟಪದಲ್ಲಿ ಬಾವಲಿಗಳಿವೆ, ಕೆಳಗೆ ಬಿದ್ದಿದ್ದ ಒಂದರ ಕೂದಲೊಳಗೆ ರೆಕ್ಕೆ ಇಲ್ಲದ ಜೇಡದಂಥ ಹುಳ ಸರಸರ ಓಡ್ತಿತ್ತು. ಉಣ್ಣೆನಾ? ಪ್ರಾಜೆಕ್ಟಿಗೆ ಎಣಿಸಬಹುದಾ? ನಮಗೂ ಕಚ್ಚುತ್ತಾ?

ಉತ್ತರ: ಫೋಟೋ ಇದ್ರೆ ಮೊದ್ಲು ಕಾಲು ಎಣಿಸಿ. ಜೇಡಕ್ಕೆ, ಬೆಳೆದ ಉಣ್ಣೆಗೆ 8, ಕೀಟಕ್ಕೆ 6. ನೀವು ಹೇಳೋದು ನೋಡಿದ್ರೆ ಅದು ಬಾವಲಿ ನೊಣ, ನಿಕ್ಟೆರಿಬಿಡೇ ಕುಟುಂಬದ್ದು. ನೊಣಾನೇ, ಆದ್ರೆ ರೆಕ್ಕೆ ಕಳ್ಕೊಂಡು ಬಾವಲಿ ರಕ್ತ ಕುಡ್ಕೊಂಡೇ ಬದುಕೋದು. ಸ್ಟ್ರೆಬ್ಲಿಡೇ ಅಂತ ಇನ್ನೊಂದು ಗುಂಪಿದೆ, ಅದರಲ್ಲಿ ಹೆಚ್ಚಿನವಕ್ಕೆ ರೆಕ್ಕೆ ಇರುತ್ತೆ.

ಇದರ ಸಂಸಾರ ನನಗೆ ತುಂಬಾ ಇಷ್ಟ. ಮೊಟ್ಟೆ ಇಡಲ್ಲ, ಮರಿಹುಳನ್ನ ತನ್ನ ಹೊಟ್ಟೆಯೊಳಗೇ ಹಾಲಿನಂಥ ರಸ ಕೊಟ್ಟು ಸಾಕಿ, ಪೂರ್ತಿ ಬೆಳೆದ ಮೇಲೆ ಬಾವಲಿಯಿಂದ ಇಳಿದು ಗೋಡೆಗೋ ಬಂಡೆಗೋ ಅಂಟಿಸಿ ವಾಪಸ್ ಹೋಗುತ್ತೆ, ಅದು ಅಲ್ಲೇ ಕೋಶ (ಪ್ಯೂಪಾ) ಆಗಿ ಕೆಲವು ವಾರಕ್ಕೆ ನೊಣ ಹೊರಗೆ ಬಂದು ಬಾವಲಿ ಹುಡುಕ್ಬೇಕು. ಅಂದ್ರೆ ಬಾವಲಿ ಜಾಗ ಬಿಟ್ರೆ ನೊಣಾನೂ ಹೋಯ್ತು. ಅದಕ್ಕೇ ಮಂಟಪದೊಳಗೆ ಟಾರ್ಚು ಹೊಗೆ ಗಲಾಟೆ ಬೇಡವೇ ಬೇಡ, ಮರಿ ಹಾಕೋ ಕಾಲದಲ್ಲಂತೂ ಒಳಗೇ ಹೋಗ್ಬೇಡಿ.

ಎಣಿಕೆ ವಿಷಯ. ಒಬ್ರೇ ಬಾವಲಿ ಹಿಡಿಯೋ ಹಾಗಿಲ್ಲ, ಅರಣ್ಯ ಇಲಾಖೆ ಪರ್ಮಿಷನ್, ಬಾವಲಿ ಹಿಡಿದು ಪಳಗಿದ ಗೈಡ್, ರೇಬೀಸ್ ಲಸಿಕೆ ಮೂರೂ ಇರ್ಬೇಕು. ಮುಸ್ಸಂಜೆ ಸಣ್ಣ ಎಳೆ ಬಲೆ ಕಟ್ಟಿ ಹಿಡಿದ ಮೇಲೆ ಒಂದು ಬಾವಲಿಗೆ ಒಂದು ಒಗೆದ ಬಟ್ಟೆ ಚೀಲ, ಇದನ್ನ ಮಾತ್ರ ಯಾವತ್ತೂ ಬಿಡ್ಬೇಡಿ, ಯಾಕಂದ್ರೆ ಈ ನೊಣ ಗಾಬರಿ ಆದ್ರೆ ಪಕ್ಕದ ಬಾವಲಿಗೆ ದಾಟಿಬಿಡುತ್ತೆ, ಆಮೇಲೆ ಯಾರ ನೊಣ ಯಾರದ್ದು ಅಂತ ದೇವ್ರಿಗೂ ಗೊತ್ತಾಗಲ್ಲ. ಕೂದಲಿಗೆ ಊದಿ, ಆಲ್ಕೋಹಾಲಲ್ಲಿ ಒದ್ದೆ ಮಾಡಿದ ಬ್ರಷ್ಷಲ್ಲಿ ತೆಗೆದು ಟ್ಯೂಬಿಗೆ ಹಾಕಿ, ಬಾವಲಿ ಜಾತಿ ಲಿಂಗ ತಾರೀಖು ಪೆನ್ಸಿಲ್ಲಲ್ಲಿ ಬರೆದ ಚೀಟಿ ಒಳಗೇ ಇರ್ಲಿ. ಡಿಎನ್‌ಎ ನೋಡೋದಿದ್ರೆ 95% ಆಲ್ಕೋಹಾಲ್. ನೊಣ ಸಿಗದ ಬಾವಲಿನೂ ಬರ್ಕೊಳ್ಳಿ, ಅದನ್ನ ಬಿಟ್ರೆ ಲೆಕ್ಕಾನೇ ಸುಳ್ಳು. ಉದಾಹರಣೆಗೆ 20 ಬಾವಲಿ ನೋಡಿ 8ರಲ್ಲಿ ಒಟ್ಟು 24 ನೊಣ ಸಿಕ್ರೆ, 40% ಬಾವಲಿಗಳಿಗೆ ನೊಣ ಇದೆ, ಇರೋವಕ್ಕೆ ಸರಾಸರಿ 3.

ನಿಮ್ಮ ಜಿಲ್ಲೆಯಲ್ಲಿ ಇನ್ನೂ ಹುಷಾರಾಗಿರ್ಬೇಕು. ಹನುಮನಹಳ್ಳಿ ಗುಹೆಯ ಕೋಲಾರ ಎಲೆಮೂಗಿನ ಬಾವಲಿ ಪ್ರಪಂಚದಲ್ಲಿ ಬೇರೆಲ್ಲೂ ಇರೋದು ಗೊತ್ತಿಲ್ಲ, ಕಲ್ಲು ಗಣಿಗಾರಿಕೆಯಿಂದ ಅಳಿವಿನ ಅಂಚಿಗೆ ಬಂದಿದೆ. ವಿದ್ಯಾರ್ಥಿ ಪ್ರಾಜೆಕ್ಟಿಗೆ ಆ ಕಡೆ ತಲೆ ಹಾಕ್ಬೇಡಿ.

ನೊಣ ಸಾಮಾನ್ಯವಾಗಿ ನಮಗೆ ಕಚ್ಚಲ್ಲ, ಅದಕ್ಕೆ ಬಾವಲಿನೇ ಬೇಕು. ಭಯ ಪಡ್ಬೇಕಾದ್ದು ಬಾವಲಿ ಹಲ್ಲಿಗೆ. ಬಿದ್ದಿದ್ದನ್ನ ಬರಿಗೈಲಿ ಮುಟ್ಟಿದ್ರಾ ನೀವು? ಕಚ್ಚಿದ್ರೆ ಅಥವಾ ಪರಚಿದ್ರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಿ, ಗಾಯ ಚಿಕ್ಕದು ಅಂತ ಕಾಯ್ಬೇಡಿ.