ಮೈಸೂರಿನ ವರದಿಯನ್ನು ಪೆಟ್ಟಿಗೆಯ ತಳದಲ್ಲಿ ಇಡಬೇಡಿ

ವಿರಾಜಪೇಟೆಯಿಂದ ನೀವು ಕೇಳಿದ್ದು: ಗಂಡನಿಗೆ ಅಮೆರಿಕದಲ್ಲಿ ಎಚ್‌-1ಬಿ ವೀಸಾದ ಮೇಲೆ ಕೆಲಸ, ಮಗನಿಗೆ 4 ವರ್ಷ, ಮೈಸೂರಿನ ವಾಕ್‌ ಶ್ರವಣ ಸಂಸ್ಥೆಯಲ್ಲಿ ಆಟಿಸಂ ಅಂದಿದ್ದಾರೆ. ಅಲ್ಲಿನ ಶಾಲೆಗೆ ಹೇಳಬೇಡಿ, ಹಣೆಪಟ್ಟಿ ಅಂಟುತ್ತೆ ಅಂತಾರೆ ಹಿರಿಯರು.

ಹೇಳಿ, ಬಂದ ಮೊದಲ ವಾರವೇ ಹೇಳಿ. ಊರಲ್ಲಿ ಮುಚ್ಚಿಡೋದಕ್ಕೆ ಕಾರಣ ಇದೆ. ಮದುವೆ ಊಟದಲ್ಲಿ ಒಬ್ಬರ ಕಿವಿಗೆ ಬಿದ್ದರೆ ಸಂಜೆಗೆ ಇಡೀ ಒಕ್ಕಕ್ಕೆ (ಮನೆತನಕ್ಕೆ) ಗೊತ್ತು; ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ನೋಡುವಾಗಲೂ ಅದೇ ಮಾತು. ಆ ಅಳುಕು ಹಿರಿಯರದ್ದು ಮಾತ್ರ ಅಂದುಕೊಳ್ಳಬೇಡಿ, ಕೇಳೀ ಕೇಳೀ ನಮ್ಮೊಳಗೂ ಇಳಿದಿರುತ್ತೆ. ಇಲ್ಲಿ ಅಮೆರಿಕದಲ್ಲಿ ಅದಕ್ಕೆ ಬೆಲೆ ತೆರೋದು ಮಗು.

3 ತುಂಬಿದ ಮಗುವಿನ ವಿಶೇಷ ಶಿಕ್ಷಣ ಸ್ಕೂಲ್‌ ಡಿಸ್ಟ್ರಿಕ್ಟ್‌ನ, ಅಂದರೆ ಆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದ, ಹೊಣೆ. ಖರ್ಚಿಲ್ಲ, ವೀಸಾ ಯಾವುದು ಅಂತ ನೋಡಲ್ಲ. ಟೀಚರಿಗೆ ಬಾಯಲ್ಲಿ ಹೇಳಿದರೆ ಸಾಲದು, ಡಿಸ್ಟ್ರಿಕ್ಟ್‌ಗೆ ತಾರೀಖು ಹಾಕಿ ಇಮೇಲ್‌ ಬರೆಯಿರಿ: ‘ಮಗನನ್ನು ವಿಶೇಷ ಶಿಕ್ಷಣಕ್ಕಾಗಿ ಪರೀಕ್ಷಿಸಿ.’ ಎಲ್ಲರೂ ಎಡವೋದು ಮುಂದಿನ ಹೆಜ್ಜೆಯಲ್ಲಿ. ಪರೀಕ್ಷೆ ಮುಗಿಸೋಕೆ ಅವರಿಗಿರುವ 60 ದಿನದ ಗಡುವು (ರಾಜ್ಯಕ್ಕೊಂದು ನಿಯಮವೂ ಇರಬಹುದು) ಶುರುವಾಗೋದು ನೀವು ಬರೆದ ದಿನದಿಂದಲ್ಲ, ಒಪ್ಪಿಗೆ ಫಾರ್ಮಿಗೆ ಸಹಿ ಹಾಕಿದ ದಿನದಿಂದ. ಫಾರ್ಮು ಬರದಿದ್ದರೆ ಬೆನ್ನುಬಿದ್ದು ತರಿಸಿಕೊಳ್ಳಿ. ಅರ್ಹ ಅಂತಾದ ಮೇಲೆ 30 ದಿನದೊಳಗೆ ಐಇಪಿ (ಆ ಮಗುವಿಗೆಂದೇ ಬರೆಯುವ ಶಿಕ್ಷಣ ಯೋಜನೆ) ಸಭೆ. ಮೈಸೂರಿನ ವರದಿ ಕೊಟ್ಟರೂ ಅವರು ತಮ್ಮದೇ ಪರೀಕ್ಷೆ ಮಾಡ್ತಾರೆ. ಇನ್ಶೂರೆನ್ಸ್‌ನಲ್ಲಿ ಥೆರಪಿ ಬೇಕಾದರೆ ಶಾಲೆಯ ತೀರ್ಮಾನ ನಡೆಯಲ್ಲ, ಡಾಕ್ಟರ ರೋಗನಿರ್ಣಯ ಬೇರೆಯೇ ಬೇಕು.

ದಾಖಲಾತಿಯಲ್ಲಿ ‘ಮನೆಯಲ್ಲಿ ಯಾವ ಭಾಷೆ’ ಅಂತ ಕೇಳ್ತಾರೆ. ಮರ್ಯಾದೆಗೆ ಇಂಗ್ಲಿಷ್‌ ಅಂತ ಬರೀಬೇಡಿ. ಕೊಡವ ತಕ್ಕ್‌ನಲ್ಲಿ ‘ನೀರು ಕೊಡು’ ಅಂತ ಕೇಳಬಲ್ಲ ಹುಡುಗನನ್ನು ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದರೆ ಮಾತೇ ಇಲ್ಲ ಅಂತ ಬರೆದುಕೊಳ್ತಾರೆ. ಆಗುವ ಮಟ್ಟಿಗೆ ಮಗುವಿನ ಭಾಷೆಯಲ್ಲೇ ಪರೀಕ್ಷಿಸಬೇಕು ಅನ್ನೋದು ಕಾನೂನು. ಸಭೆಗೆ ದುಭಾಷಿಯನ್ನೂ ಕೇಳಬಹುದು. ಎರಡು ಭಾಷೆಯಿಂದ ಆಟಿಸಂ ಬರಲ್ಲ, ಹೆಚ್ಚೂ ಆಗಲ್ಲ. ಲಸಿಕೆಯಿಂದ ಆಟಿಸಂ ಬರುತ್ತೆ ಅನ್ನೋ ಪುಕಾರೂ ಅಷ್ಟೇ: ಅದಕ್ಕೆ ಮೂಲವಾದ 1998ರ ಲೇಖನವನ್ನು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್‌’ 2010ರಲ್ಲಿ ಹಿಂತೆಗೆದುಕೊಂಡಿದೆ.

ಇಲ್ಲಿಯವರೆಲ್ಲ ದೇವರೇನಲ್ಲ, ಅದರಲ್ಲೂ ನಮ್ಮವರು! ‘ಮುಖ ನೋಡಿ ಮಾತಾಡಲ್ವಲ್ಲ’ ಅನ್ನೋ ಆಂಟಿ ಪಾಟ್‌ಲಕ್‌ನಲ್ಲೂ (ಮನೆಗೊಂದು ಅಡುಗೆ ತಂದು ಸೇರುವ ಊಟ) ಸಿಗ್ತಾರೆ. ಒಂದೇ ವಾಕ್ಯ ತಯಾರಿಟ್ಟುಕೊಳ್ಳಿ: ‘ಅವನಿಗೆ ಆಟಿಸಂ ಇದೆ, ನೋಡದೆಯೂ ಕೇಳಿಸಿಕೊಳ್ತಾನೆ.’

ಸುಗ್ಗಿಹಬ್ಬ ಪುತ್ತರಿಗೆ ಊರಿಗೆ ಹೋದಾಗ ಕಿವಿಗೆ ಇಯರ್‌ಮಫ್‌ ಹಾಕಿ, ಕದಿರು ಕೊಯ್ಯುವಾಗ ಗುಂಡು ಹಾರಿಸ್ತಾರಲ್ಲ. ಶಬ್ದವಾದ ಮೇಲಲ್ಲ, ಮೊದಲೇ. ಕೋವಿಯಿಂದ ದೂರ, ಗದ್ದೆಯ ಆಚೆ ಬದುವಿನಲ್ಲಿ ನಿಲ್ಲಿಸಿ. ಅಜ್ಜಿಗೂ ಹಿಂದಿನ ದಿನವೇ ಹೇಳಿಟ್ಟಿರಿ, ಅವನು ಕಿವಿ ಮುಚ್ಚಿಕೊಂಡು ಕೂಗೋದು ಹಠವಲ್ಲ, ಆ ಸದ್ದು ಅವನಿಗೆ ನೋವು ಅಂತ.