ಮಳೆಗಾಲಕ್ಕೆ ಗುರಿ ಸರಿಯುವ ರೈಫಲ್: ಸ್ಟಾಕ್ ಬದಲಿಸುವ ಮುಂಚೆ

ಜೂನ್ ಬಂತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಧಾಟಿಯೇ ಬೇರೆ. ಫೆಬ್ರವರಿಯಲ್ಲಿ ‘ಯಾವ ಗುಂಡು ಒಳ್ಳೆಯದು’ ಎಂದು ಕೇಳಿದವರೇ ಈಗ ‘ಯಾವ ಸ್ಟಾಕ್ ತರಿಸಲಿ’ ಎನ್ನುತ್ತಾರೆ. ಸ್ಟಾಕ್ ಎಂದರೆ ಬ್ಯಾರಲ್ ಕೂರುವ, ಹೆಗಲಿಗೆ ಒರಗುವ ರೈಫಲಿನ ಮೈ. ಮಂಜೇಶ್ವರದಿಂದ ಮುಳ್ಳೇರಿಯಾದವರೆಗೂ ದೂರು ಒಂದೇ. ಹಾಗಾಗಿ ಈ ಸಲ ಒಂದು ಪ್ರಶ್ನೆಗೇ ಹೆಚ್ಚಿನ ಜಾಗ. ಉಳಿದವಕ್ಕೆ ಒಂದೆರಡು ಸಾಲು ಧಾರಾಳ. ಕೋವಿ ಖಾಲಿ ಇದೆಯೇ ಎಂದು ನೋಡುವುದು, ಬೋಲ್ಟ್ ಹೊರತೆಗೆಯುವುದು, ಇದನ್ನೆಲ್ಲ ಇಲ್ಲಿ ಹೇಳಿಕೊಡುವುದಿಲ್ಲ. ಅದು ಗೊತ್ತಿಲ್ಲದವರು ಸ್ಕ್ರೂಡ್ರೈವರ್ ಮುಟ್ಟದಿದ್ದರೆ ಒಳ್ಳೆಯದು.

ನನ್ನದು .22 ಬೋಲ್ಟ್ ಆಕ್ಷನ್ ಟಾರ್ಗೆಟ್ ರೈಫಲ್, ಹಳೆಯ ವಾಲ್‌ನಟ್ ಸ್ಟಾಕ್. ಡಿಸೆಂಬರಿನಿಂದ ಏಪ್ರಿಲ್‌ವರೆಗೆ 50 ಮೀಟರಿನಲ್ಲಿ ಗುಂಪು (ಗುಂಡುಗಳು ಒಟ್ಟಾಗಿ ಬೀಳುವ ಹರವು) ಚೆನ್ನಾಗಿರುತ್ತದೆ. ಮಳೆ ಹಿಡಿದ ಮೇಲೆ ಅಗಲವಾಗುತ್ತದೆ, ಎಡಕ್ಕೂ ಸರಿಯುತ್ತದೆ. ಅಲ್ಯುಮಿನಿಯಂ ಸ್ಟಾಕ್ ಹಾಕಿಸಿ ಎಂದು ಒಬ್ಬರು, ಊರಿನ ಆಚಾರಿಯಿಂದ ಹಲಸಿನ ಮರದಲ್ಲಿ ಮಾಡಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ? (ಬದಿಯಡ್ಕದ ಓದುಗರು)

ಎರಡೂ ಬೇಡ, ಸದ್ಯಕ್ಕೆ. ತಪ್ಪು ಸ್ಟಾಕಿನದ್ದು ಹೌದೋ ಅಲ್ಲವೋ ಎಂಬುದನ್ನು ಮೊದಲು ತಿಳಿಯಿರಿ. ಅದಕ್ಕೆ ಬೇಕಾದದ್ದು ಒಂದು ಕಾಗದದ ಪಟ್ಟಿ, ಒಂದು ಟಾರ್ಕ್ ರೆಂಚ್ (ಬಿಗಿತ ಅಳೆದು ತಿರುಗಿಸುವ ಸ್ಪ್ಯಾನರ್), ಸಿಕ್ಕಿದರೆ ಒಂದು ಡಯಲ್ ಗೇಜ್ (ಸಣ್ಣ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ).

ಎರಡು ಪದರ ಮಡಚಿದ ದಪ್ಪ ಕಾಗದವನ್ನು ಬ್ಯಾರಲ್ ಮತ್ತು ಮರದ ನಡುವೆ ಸೇರಿಸಿ ತುದಿಯಿಂದ ಆಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ) ಕಡೆಗೆ ಎಳೆಯಿರಿ. ಎಲ್ಲೂ ಹಿಡಿಯಬಾರದು. ಇದನ್ನು ಜನವರಿಯಲ್ಲಿ ಮಾಡಿ ‘ಸರಿ ಇದೆ’ ಎಂದುಕೊಳ್ಳುವವರೇ ಬಹಳ. ನೀವು ಮಾಡಬೇಕಾದದ್ದು ಆಟಿಯಲ್ಲಿ (ಜುಲೈ–ಆಗಸ್ಟ್), ಮಳೆ ಹದಿನೈದು ದಿನ ಬಿಡದೆ ಸುರಿದ ಮೇಲೆ. ಬೇಸಿಗೆಯಲ್ಲಿ ಸಲೀಸಾಗಿ ಹೋದ ಕಾಗದ ಆಗ ಎಡಬದಿಯಲ್ಲಿ ಸಿಕ್ಕಿಕೊಂಡರೆ ನಿಮ್ಮ ಗುಂಪು ಯಾಕೆ ಸರಿಯಿತೆಂದು ಬೇರೆ ಯಾರನ್ನೂ ಕೇಳಬೇಕಿಲ್ಲ.

ಲೆಕ್ಕ ಹೀಗಿದೆ. ಗಾಳಿಯ ಆರ್ದ್ರತೆ ಶೇಕಡಾ 65ರ ಆಸುಪಾಸು ಇರುವಾಗ ಮರದ ಒಳಗಿನ ತೇವ ಶೇಕಡಾ 12ರ ಹತ್ತಿರ ನಿಲ್ಲುತ್ತದೆ. ಆರ್ದ್ರತೆ 85 ದಾಟಿ ವಾರಗಟ್ಟಲೆ ಹಾಗೆಯೇ ಇದ್ದರೆ ಅದು 17–18ಕ್ಕೆ ಏರುತ್ತದೆ. ವಾಲ್‌ನಟ್ ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಅಡ್ಡಕ್ಕೆ ಮಾತ್ರ, ತೇವ ಶೇಕಡಾ 1 ಏರಿದಾಗ ಸುಮಾರು ಕಾಲು ಶೇಕಡಾ ಉಬ್ಬುತ್ತದೆ. 50 ಮಿ.ಮೀ. ಅಗಲದ ಫೋರೆಂಡಿಗೆ (ಬ್ಯಾರಲ್ ಅಡಿಯ ಸ್ಟಾಕಿನ ಮುಂಭಾಗ) ಐದಾರು ಶೇಕಡಾ ತೇವ ಹೆಚ್ಚಿದರೆ ಅರ್ಧ ಮಿ.ಮೀ.ಗೂ ಮೇಲೆ ವ್ಯತ್ಯಾಸ. ಉಬ್ಬಿದ್ದಕ್ಕಿಂತ ಡೊಂಕಾದದ್ದು ಕೆಡುಕು: ಒಂದು ಬದಿಯ ಪಾಲಿಶ್ ಸವೆದಿದ್ದರೆ ಆ ಬದಿ ಹೆಚ್ಚು ನೀರು ಕುಡಿಯುತ್ತದೆ, ಫೋರೆಂಡ್ ಇನ್ನೊಂದು ಬದಿಗೆ ಬಾಗಿ ಬ್ಯಾರಲ್‌ಗೆ ತಾಗುತ್ತದೆ. ಹಳೆಯ ಸ್ಟಾಕುಗಳಲ್ಲಿ ಬ್ಯಾರಲ್ ಮತ್ತು ಮರದ ನಡುವಿನ ಸಂದು ಕಾಗದದಷ್ಟೇ ತೆಳು. ನಮ್ಮಂಥ ಊರಿಗೆ, ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುವಲ್ಲಿ, 2 ಮಿ.ಮೀ. ಇಡಬೇಕು. ನೋಡಲು ಚಂದ ಕಾಣುವುದಿಲ್ಲ ಎನ್ನುವವರು ಗೋಡೆಗೆ ನೇತುಹಾಕಲಿ.

ಬ್ಯಾರಲ್ ಎಲ್ಲೂ ತಾಗುತ್ತಿಲ್ಲವೇ? ಹಾಗಾದರೆ ಆಕ್ಷನ್ ಕೂರುವ ಜಾಗ ನೋಡಿ. ರೈಫಲನ್ನು ಬಟ್ (ಹೆಗಲಿಗೆ ಒರಗುವ ತುದಿ) ಕೆಳಗಾಗಿ ನೆಟ್ಟಗೆ ನಿಲ್ಲಿಸಿ, ಡಯಲ್ ಗೇಜನ್ನು ಬ್ಯಾರಲ್‌ಗೆ ಕಟ್ಟಿ ಅದರ ಮೂತಿಯನ್ನು ಫೋರೆಂಡಿನ ತುದಿಗೆ ತಾಗಿಸಿ. ಮುಂದಿನ ಆಕ್ಷನ್ ಸ್ಕ್ರೂ ನಿಧಾನ ಸಡಿಲಿಸಿ, ಮತ್ತೆ ಬಿಗಿಯಿರಿ. ಮುಳ್ಳು 0.05 ಮಿ.ಮೀ.ಗಿಂತ ಹೆಚ್ಚು ಓಡಿದರೆ ಆಕ್ಷನ್ ತನ್ನ ಹಾಸಿನ ಮೇಲೆ ಕೂತಿಲ್ಲ, ಸ್ಕ್ರೂ ಅದನ್ನು ಬಗ್ಗಿಸಿ ಕೂರಿಸುತ್ತಿದೆ. ಹಿಂದಿನ ಸ್ಕ್ರೂಗೂ ಇದೇ ಪರೀಕ್ಷೆ. ಗೇಜ್ ಇಲ್ಲದಿದ್ದರೆ ಬ್ಯಾರಲ್ ಮತ್ತು ಫೋರೆಂಡ್ ಎರಡನ್ನೂ ಒಟ್ಟಿಗೆ ಬೆರಳಲ್ಲಿ ಹಿಡಿದುಕೊಂಡು ಸ್ಕ್ರೂ ಸಡಿಲಿಸಿ. ಅಲುಗಾಟ ಬೆರಳಿಗೇ ಗೊತ್ತಾಗುತ್ತದೆ.

ಸ್ಕ್ರೂ ಬಿಗಿತದ ವಿಷಯದಲ್ಲಿ ‘ಕೈಯಂದಾಜು’ ಎನ್ನುವವರ ಕೈ ಜನವರಿಯಲ್ಲೂ ಜುಲೈಯಲ್ಲೂ ಒಂದೇ ಆಗಿರುವುದಿಲ್ಲ. ತಯಾರಕರು ಕೊಟ್ಟ ಅಂಕಿ ಇದ್ದರೆ ಅದೇ ಸರಿ. ಇಲ್ಲದಿದ್ದರೆ ಪಿಲ್ಲರ್ (ಸ್ಕ್ರೂ ಹಾಯುವ ಲೋಹದ ಕೊಳವೆ) ಇಲ್ಲದ ಮರಕ್ಕೆ 4ರಿಂದ 5 ನ್ಯೂಟನ್ ಮೀಟರ್ ಸಾಕು. ಲೋಹದ ಪಿಲ್ಲರ್ ಅಥವಾ ಅಲ್ಯುಮಿನಿಯಂ ಹಾಸಿಗೆ ದೊಡ್ಡ ಕ್ಯಾಲಿಬರಿನ ರೈಫಲುಗಳಲ್ಲಿ 7ರವರೆಗೆ ಹೋಗುತ್ತಾರೆ; .22ಕ್ಕೆ ಅಷ್ಟು ಬೇಕಾಗಿಲ್ಲ. ಮೊದಲು ಮುಂದಿನದು, ಆಮೇಲೆ ಹಿಂದಿನದು, ಅರ್ಧ ಅರ್ಧವಾಗಿ. ಸ್ಕ್ರೂವಿನ ಹಲ್ಲಿಗೆ ಎಣ್ಣೆ ಹಚ್ಚಿದರೆ ಅದೇ ಅಂಕಿಗೆ ಬಿಗಿತ ಹೆಚ್ಚಾಗುತ್ತದೆ ಎಂಬುದು ನೆನಪಿರಲಿ. ಎಣ್ಣೆ ಹಚ್ಚುವುದಾದರೆ ಪ್ರತಿ ಸಲವೂ ಹಚ್ಚಿ, ಇಲ್ಲವಾದರೆ ಎಂದೂ ಬೇಡ. ಮಳೆಯಲ್ಲಿ ಉಬ್ಬಿದ ಮರಕ್ಕೆ ಬಿಗಿದ ಸ್ಕ್ರೂ ಬೇಸಿಗೆಯಲ್ಲಿ ತಾನಾಗಿ ಸಡಿಲಾಗುತ್ತದೆ. ಪಿಲ್ಲರ್ ಇರುವುದು ಇದಕ್ಕೇ: ಬಿಗಿತವನ್ನು ಲೋಹ ಹೊರುತ್ತದೆ, ಮರ ಉಬ್ಬಲಿ ಕುಗ್ಗಲಿ.

ಇಷ್ಟೆಲ್ಲ ಮಾಡಿ, ಒಂದೇ ಲಾಟಿನ ಗುಂಡಿನಲ್ಲಿ ಹತ್ತತ್ತರ ಐದು ಗುಂಪು ಹೊಡೆದು ನೋಡಿ. 50 ಮೀಟರಿನ ಗುರಿಯಲ್ಲಿ ಹತ್ತರ ಉಂಗುರದ ಅಗಲವೇ 10.4 ಮಿ.ಮೀ.; ಮೂರು ಗುಂಡಿನ ಗುಂಪಿಗೆ ಬೀಗುವವರು ಸ್ಟಾಕಿನ ಬಗ್ಗೆ ಮಾತಾಡಬಾರದು. ನಿಮ್ಮ ವಿವರಣೆ ನೋಡಿದರೆ ಸಂದು ಅಗಲಿಸಿ, ಪಿಲ್ಲರ್ ಹಾಕಿ ಬೆಡ್ಡಿಂಗ್ (ಆಕ್ಷನ್ ಅಡಿಗೆ ಎಪಾಕ್ಸಿಯ ಹಾಸು) ಮಾಡಿಸಿದರೆ ಹಳೆಯ ವಾಲ್‌ನಟ್ ಇನ್ನೂ ಬಾಳಬಹುದು. ಸ್ಟಾಕ್ ಬದಲಿಸಲೇಬೇಕಾದ್ದು ಮೂರು ಸಂದರ್ಭದಲ್ಲಿ: ಹಿಡಿಯ ಕುತ್ತಿಗೆಯಲ್ಲಿ ಬಿರುಕು, ಫೋರೆಂಡ್ ಕೈಯಿಂದ ಒತ್ತಿದರೂ ಬಾಗುವಷ್ಟು ತಿರುಚಿಕೊಂಡಿರುವುದು, ಅಥವಾ ಎಷ್ಟು ಹೊಂದಿಸಿದರೂ ನಿಮ್ಮ ಮೈಗೆ ಒಗ್ಗದಿರುವುದು.

ಬದಲಿಸುವುದೇ ಆದರೆ ಮೊದಲ ಪ್ರಶ್ನೆ ಕಂಡಿಯದು, ಅಂದರೆ ಆಕ್ಷನ್ ಕೂರಲು ಸ್ಟಾಕಿನಲ್ಲಿ ಕೊರೆದ ಗುಳಿಯದು; ಮರವೋ ಲೋಹವೋ ಎಂಬುದು ಆಮೇಲೆ. ‘ಎಲ್ಲಕ್ಕೂ ಹೊಂದುವ ಸ್ಟಾಕ್’ ಎಂದು ಮಾರುವವನು ಸುಳ್ಳು ಹೇಳುತ್ತಿದ್ದಾನೆ. ಅನ್ಶುಟ್ಜ್ ಕಂಪನಿಯ ರೈಫಲ್ ಎಂದಷ್ಟೇ ಹೇಳಿದರೆ ಸಾಲದು: 54ರ ಆಕ್ಷನ್ನಿಗೆ ಕೊರೆದ ಕಂಡಿಯಲ್ಲಿ 64 ಕೂರುವುದಿಲ್ಲ. ಸಿಜೆಡ್ ಕಂಪನಿಯ 455ರ ಸ್ಟಾಕ್ 457ಕ್ಕೆ ಬರುವುದಿಲ್ಲ. ಆರ್ಡರ್ ಮಾಡುವಾಗ ಮಾದರಿಯ ಹೆಸರಿನ ಜೊತೆಗೆ ಆಕ್ಷನ್, ಎರಡು ಸ್ಕ್ರೂಗಳ ನಡುವಿನ ದೂರ, ಬ್ಯಾರಲ್‌ನ ದಪ್ಪ, ಮ್ಯಾಗಜೀನ್ ಇದೆಯೋ ಇಲ್ಲವೋ, ಎಡಗೈಯವರೋ, ಎಲ್ಲ ಬರೆದು ಕೊಡಿ. ಸ್ಕ್ರೂ ತೂತಿನ ಬದಿಗೆ ತಾಗದಂತಿರಬೇಕು: 6 ಮಿ.ಮೀ. ಸ್ಕ್ರೂವಿಗೆ 7 ಮಿ.ಮೀ. ತೂತು.

ಎರಡನೆಯದು ಮೈ. ಟ್ರಿಗರಿನಿಂದ ಬಟ್ ಪ್ಲೇಟಿಗೆ ಇರುವ ದೂರ ಬದಲಿಸಲು ಬರಬೇಕು, ಬಟ್ ಪ್ಲೇಟ್ ಮೇಲೆ ಕೆಳಗೆ ಸರಿಯಬೇಕು, ಚೀಕ್ ಪೀಸ್ (ಕೆನ್ನೆ ಇಡುವ ತುಂಡು) ಏರಬೇಕು, ಪಕ್ಕಕ್ಕೂ ಸರಿಯಬೇಕು. ಪರೀಕ್ಷೆ ಸುಲಭ. ಕಣ್ಣು ಮುಚ್ಚಿ ರೈಫಲ್ ಹೆಗಲಿಗಿಟ್ಟು, ಕೆನ್ನೆಯ ಪೂರ್ತಿ ಭಾರ ಬಿಟ್ಟು ಕಣ್ಣು ತೆರೆಯಿರಿ. ಸೈಟಿನ ನಡುವೆ ಗುರಿ ಕಾಣಬೇಕು. ಕತ್ತು ಚಾಚಿಯೋ ತಲೆ ಓರೆ ಮಾಡಿಯೋ ಹುಡುಕಬೇಕಾದರೆ ಹೊಂದಿಕೆ ತಪ್ಪಿದೆ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ನೆಟ್ಟಗೆ ಹಿಂದಕ್ಕೆ ಎಳೆಯುವಂತೆ ಬರಬೇಕು. ಹಿಡಿ ದಪ್ಪವಾಗಿದ್ದರೆ ಬೆರಳು ಪಕ್ಕಕ್ಕೆ ತಳ್ಳುತ್ತದೆ. ಮಲಗಿ ಹೊಡೆಯುವ ಅಳತೆ ನಿಂತು ಹೊಡೆಯಲು ಬರುವುದಿಲ್ಲ, ಆದ್ದರಿಂದ ಮಲಗಿ, ಮಂಡಿಯೂರಿ, ನಿಂತು ಹೀಗೆ ಮೂರು ಭಂಗಿಯಲ್ಲಿ ಹೊಡೆಯುವವರು ಪ್ರತಿ ಹೊಂದಿಕೆಗೂ ಗೆರೆ-ಅಂಕಿ ಕೊರೆದಿರುವ ಸ್ಟಾಕನ್ನೇ ಕೊಳ್ಳಬೇಕು. ಫೋರೆಂಡಿನ ಅಡಿಯ ಹಳಿಗೆ ನಿಮ್ಮ ಹಳೆಯ ಹ್ಯಾಂಡ್ ಸ್ಟಾಪ್ (ಮುಂದಿನ ಕೈ ಜಾರದಂತೆ ತಡೆಯುವ ತುಂಡು) ಸೇರುತ್ತದೆಯೇ ಎಂದೂ ಕೇಳಿ.

ಮರವೋ ಲೋಹವೋ ಎಂಬುದು ಮೂರನೆಯ ಪ್ರಶ್ನೆ. ಕರಾವಳಿಗೆ ನನ್ನ ಓಟು ಪದರ ಕೂಡಿಸಿದ ಲ್ಯಾಮಿನೇಟ್ ಮರಕ್ಕೆ. ತೆಳು ಹಾಳೆಗಳು ಒಂದರ ಡೊಂಕನ್ನು ಇನ್ನೊಂದು ತಡೆಯುತ್ತವೆ. ಸಾದಾ ಮರಕ್ಕಿಂತ ಭಾರ, ಗುರಿಯ ಆಟಕ್ಕೆ ಅದೇನೂ ನಷ್ಟವಲ್ಲ. ಆದರೆ ನೀರು ಕುಡಿಯುವುದೇ ಇಲ್ಲ ಎಂದು ನಂಬಬೇಡಿ. ಬಟ್ ಪ್ಲೇಟಿನ ಅಡಿ, ಸ್ಕ್ರೂ ತೂತು, ಆಕ್ಷನ್ ಕಂಡಿ, ಫೋರೆಂಡಿನ ಮೂತಿ, ಎಳೆಯ ತುದಿ ತೆರೆದಿರುವ ಈ ಜಾಗಗಳಿಗೆ ಎರಡು ಮೂರು ಕೋಟ್ ಪಾಲಿಯುರೆಥೇನ್ ಕೊಡಲೇಬೇಕು. ಹೊರಗಿನ ಹೊಳಪಿಗೆ ದುಡ್ಡು ಸುರಿದು ಬಟ್ ಪ್ಲೇಟಿನ ಅಡಿಯನ್ನು ಬರಿದಾಗಿ ಬಿಡುವವರಿಗೆ ಏನು ಹೇಳಲಿ ಮಾರಾಯ್ರೆ, ಬಾಗಿಲಿಗೆ ಬೀಗ ಜಡಿದು ಹಿತ್ತಿಲು ತೆರೆದಿಟ್ಟ ಹಾಗೆ.

ಅಲ್ಯುಮಿನಿಯಂ ಉಬ್ಬುವುದಿಲ್ಲ, ಹೊಂದಿಕೆಗಳು ಧಾರಾಳ. ಆದರೆ ಉಪ್ಪು ಗಾಳಿಯಲ್ಲಿ ಸ್ಟೀಲ್ ಸ್ಕ್ರೂ ಮತ್ತು ಅಲ್ಯುಮಿನಿಯಂ ಸೇರಿದಲ್ಲಿ ಬಿಳಿ ಪುಡಿ ಕಟ್ಟಿ ಸ್ಕ್ರೂ ಕಚ್ಚಿಕೊಳ್ಳುತ್ತದೆ. ಹೊಂದಿಕೆಯ ಸ್ಕ್ರೂಗಳನ್ನು ತಿಂಗಳಿಗೊಮ್ಮೆ ತೆಗೆದು ತೆಳುವಾಗಿ ಗ್ರೀಸ್ ಸವರದವರು ಅದರ ಆಸೆ ಬಿಡಲಿ. ಅಲ್ಯುಮಿನಿಯಂ ಹಾಸಾದರೆ ಬೆಡ್ಡಿಂಗ್ ಬೇಡ ಎಂಬ ಮಾತನ್ನೂ ಕುರುಡಾಗಿ ನಂಬಬೇಡಿ. ಮೇಲೆ ಹೇಳಿದ ಗೇಜ್ ಪರೀಕ್ಷೆ ಅದಕ್ಕೂ ಉಂಟು. ಅಗ್ಗದ ಅಚ್ಚಿನ ಪ್ಲಾಸ್ಟಿಕ್ ಸ್ಟಾಕಿನ ಫೋರೆಂಡ್, ಸ್ಲಿಂಗ್ (ತೋಳಿಗೆ ಸುತ್ತುವ ಪಟ್ಟಿ) ಬಿಗಿದ ಕೂಡಲೇ ಬಾಗಿ ಬ್ಯಾರಲ್‌ಗೆ ತಾಗುತ್ತದೆ. ಅದು ಗುರಿಯ ರೈಫಲಿಗೆ ಆಗದು.

ಹಲಸಿನ ಮರ ಬಾಗಿಲಿಗೆ, ಮಂಚಕ್ಕೆ, ಮದ್ದಳೆಗೆ ಶ್ರೇಷ್ಠ. ಸ್ಟಾಕಿಗೆ ತೊಂದರೆ ಅದರ ಎಳೆಯದು: ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಯಾವ ಕಡೆಗೆ ತಿರುಚುತ್ತದೆಂದು ಹೇಳಲಾಗದು. ಸಾಗುವಾನಿ ಅಲುಗುವುದು ಕಡಿಮೆ, ಆದರೆ ಮೈಯಲ್ಲೇ ಎಣ್ಣೆ ಇರುವುದರಿಂದ ಎಪಾಕ್ಸಿ ಸರಿಯಾಗಿ ಕಚ್ಚುವುದಿಲ್ಲ. ಅಂಟಿಸುವ ತುಸು ಮುಂಚೆ ಅಸಿಟೋನಿನಲ್ಲಿ ಒರೆಸಬೇಕು. ಯಾವ ಮರವಾದರೂ ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಿರಬೇಕು, ಎಳೆ ಹಿಡಿಯ ಕುತ್ತಿಗೆಯ ಉದ್ದಕ್ಕೂ ಹರಿದಿರಬೇಕು. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು: ಆಯುಧ ಕಾಯ್ದೆ, 1959ರ ಪ್ರಕಾರ ಕೋವಿಯ ಬಿಡಿಭಾಗವೂ ಆಯುಧವೇ. ಬ್ಯಾರಲ್ ಸಮೇತ ಆಕ್ಷನ್ನನ್ನು ‘ಅಳತೆಗೆ ಇರಲಿ’ ಎಂದು ಲೈಸೆನ್ಸ್ ಇಲ್ಲದ ಆಚಾರಿಯ ಕೊಟ್ಟಿಗೆಯಲ್ಲಿ ಬಿಟ್ಟು ಬಂದರೆ ನೀವೂ ಸಿಕ್ಕಿಬೀಳುತ್ತೀರಿ, ಆ ಬಡಪಾಯಿಯೂ ಸಿಕ್ಕಿಬೀಳುತ್ತಾನೆ. ಕಂಡಿ ಕೊರೆಯುವುದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ. ವಿದೇಶದಿಂದ ತರಿಸುವುದಿದ್ದರೆ ದುಡ್ಡು ಕಟ್ಟುವ ಮುಂಚೆ ಲೈಸೆನ್ಸ್ ಕೊಟ್ಟ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಬೆಡ್ಡಿಂಗ್ ಮಾಡಿಸುವುದು ಡಿಸೆಂಬರಿನಿಂದ ಫೆಬ್ರವರಿಯ ಒಳಗೆ. ಮಳೆಗಾಲದಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಕಟ್ಟುತ್ತದೆ, ಜೊತೆಗೆ ಉಬ್ಬಿದ ಮರದ ಅಳತೆಗೇ ಹಾಸು ಗಟ್ಟಿಯಾಗುತ್ತದೆ. ಉಕ್ಕಿನ ಪುಡಿ ಸೇರಿದ, ನಿಧಾನ ಗಟ್ಟಿಯಾಗುವ ಎಪಾಕ್ಸಿ 40 ಗ್ರಾಂ ಇದ್ದರೆ .22ಕ್ಕೆ ಸಾಕು, ಐದು ನಿಮಿಷದ್ದು ಬೇಡವೇ ಬೇಡ. ಆಕ್ಷನ್ ಕೂರುವಲ್ಲಿ ಮರವನ್ನು 2–3 ಮಿ.ಮೀ. ಕೆರೆಯಬೇಕು, ಎತ್ತರ ಪಿಲ್ಲರಿನ ಮೇಲೆ ನಿಲ್ಲಬೇಕು. ಆಕ್ಷನ್ನಿನ ತೂತು, ಸಂದುಗಳಿಗೆಲ್ಲ ಮಕ್ಕಳ ಆಟದ ಜೇಡಿ ತುಂಬಿ, ಲೋಹಕ್ಕೆ ಮೇಣದ ಪಾಲಿಶ್ ಎರಡು ಸಲ ಹಚ್ಚಬೇಕು. ರಿಕಾಯ್ಲ್ ಲಗ್ಗಿನ (ಹೊಡೆತಕ್ಕೆ ಆಕ್ಷನ್ ಹಿಂದೆ ಸರಿಯದಂತೆ ತಡೆಯುವ ಲೋಹದ ಉಬ್ಬು) ಮುಂದೆ, ಬದಿಗೆ, ಅಡಿಗೆ ಟೇಪ್ ಅಂಟಿಸಿ. ಹಿಂದಿನ ಮುಖ ಮಾತ್ರ ತಾಗಲಿ. ಬ್ಯಾರಲ್ ನಡುವೆ ನಿಲ್ಲುವಂತೆ ಫೋರೆಂಡಿನ ತುದಿಯ ಹತ್ತಿರ ಅದಕ್ಕೂ ಟೇಪ್ ಸುತ್ತಬೇಕು. ಸ್ಕ್ರೂ ಬಿಗಿದು ಒಣಗಿಸಿದರೆ ಬಗ್ಗಿದ ಆಕ್ಷನ್ನಿನ ಅಚ್ಚೇ ಬರುತ್ತದೆ, ಹಾಗಾಗಿ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಹಗುರವಾಗಿ ಕಟ್ಟಿ 24 ಗಂಟೆ ಮುಟ್ಟದೆ ಬಿಡಬೇಕು. ಜೇಡಿ ತುಂಬಲು ಮರೆತರೆ ಎಪಾಕ್ಸಿ ತೂತಿಗೆ ಹೊಕ್ಕು ಆಕ್ಷನ್ ಶಾಶ್ವತವಾಗಿ ಅಲ್ಲೇ ಕೂರುತ್ತದೆ, ಆಮೇಲೆ ಉಳಿಯೇ ಗತಿ.

ಸ್ಟಾಕಿಗೆ ತೆಂಗಿನೆಣ್ಣೆ ಹಚ್ಚಿದರೆ ನೀರು ಹಿಡಿಯುವುದಿಲ್ಲವಂತೆ, ನಿಜವೇ? (ಕುಂಬಳೆ)

ಸುಳ್ಳು. ತೆಂಗಿನೆಣ್ಣೆ ಒಣಗಿ ಪೊರೆ ಕಟ್ಟುವ ಎಣ್ಣೆಯಲ್ಲ, ತೇವವನ್ನು ತಡೆಯದು. ಮರದೊಳಗೆ ಇಳಿದ ಮೇಲೆ ಅಲ್ಲಿ ಎಪಾಕ್ಸಿಯೂ ಕಚ್ಚುವುದಿಲ್ಲ, ಪಾಲಿಶೂ ನಿಲ್ಲುವುದಿಲ್ಲ. ತಲೆಗೆ ಹಚ್ಚಿ.

ದೋಣಿಗೆ ಬಳಿಯುವ ಗೇರು ಸಿಪ್ಪೆಯ ಎಣ್ಣೆ? (ಉಪ್ಪಳ)

ದೋಣಿಗೆ ಕೆನ್ನೆ ಇಟ್ಟು ಮಲಗುವವರಿಲ್ಲ. ಆ ಎಣ್ಣೆ ಚರ್ಮ ಸುಡುತ್ತದೆ, ಗುಳ್ಳೆ ಏಳುತ್ತದೆ. ಈಗಾಗಲೇ ಬಳಿದಿದ್ದರೆ ಆ ಸ್ಟಾಕನ್ನು ಬರಿಗೈಯಲ್ಲಿ ಉಜ್ಜಬೇಡಿ, ಕೆನ್ನೆಗೂ ತಾಗಿಸಬೇಡಿ.

.315 ರೈಫಲಿಗೆ ಒಂದೇ ತುಂಡಿನ ಟಾರ್ಗೆಟ್ ಸ್ಟಾಕ್ ಸಿಗುತ್ತದೆಯೇ? (ಮುಳ್ಳೇರಿಯಾ)

ಇಷಾಪುರ ಕಾರ್ಖಾನೆಯ .315 ಲೀ-ಎನ್‌ಫೀಲ್ಡ್ ಮನೆತನದ್ದು. ಅದರ ಬಟ್ ಬೇರೆ, ಫೋರೆಂಡ್ ಬೇರೆ. ನಡುವೆ ಆಕ್ಷನ್ನಿನದೇ ಲೋಹದ ಕೊಳವೆ ಬರುತ್ತದೆ. ಬಟ್ಟಿನ ಒಳಗಿನ ಉದ್ದ ಬೋಲ್ಟ್ ಸಡಿಲಾಗಿದೆಯೇ ನೋಡಿ. ಆ ಬೋಲ್ಟ್ ತಿರುಗಿಸುವ ಮುಂಚೆ ಫೋರೆಂಡ್ ಕಳಚದಿದ್ದರೆ ಅದು ಸೀಳಬಹುದು.

ಹೊಸ ಸ್ಟಾಕಿನಿಂದ ಗುಂಡಿನ ವೇಗ ಹೆಚ್ಚುತ್ತದೆಯೇ?

ಇಲ್ಲ.

ಮಗಳಿಗೆ 13 ವರ್ಷ, 10 ಮೀಟರ್ ಏರ್ ರೈಫಲ್. ದೊಡ್ಡವಳಾದ ಮೇಲೂ ಆಗಲಿ ಎಂದು ದೊಡ್ಡವರ ಸ್ಟಾಕನ್ನೇ ಕೊಳ್ಳಲೇ? (ಪೆರ್ಲ)

ಚಪ್ಪಲಿ ಹಾಗೆ ಕೊಳ್ಳುತ್ತೀರಾ? ಉದ್ದದ ಸ್ಟಾಕ್ ಹಿಡಿದ ಮಗು ಬೆನ್ನು ಹಿಂದಕ್ಕೆ ಬಾಗಿಸಿ ಸರಿದೂಗಿಸುತ್ತದೆ, ಆ ಅಭ್ಯಾಸ ಬಿಡಿಸಲು ವರ್ಷ ಬೇಕು. ಬಟ್ ಪ್ಲೇಟಿನ ಹಿಂದೆ ಬಿಲ್ಲೆ ಸೇರಿಸುತ್ತಾ ಉದ್ದ ಮಾಡಬಹುದಾದ ಚಿಕ್ಕ ಸ್ಟಾಕ್ ನೋಡಿ. ಸ್ಪರ್ಧೆಯ ಗರಿಷ್ಠ ತೂಕ 5.5 ಕಿಲೋ ಎಂದು ಅಷ್ಟನ್ನೂ ಹೊರಿಸಬೇಕಿಲ್ಲ. ತೂಕದ ಬಿಲ್ಲೆಗಳನ್ನೆಲ್ಲ ಬಿಚ್ಚಿ ಶುರು ಮಾಡಿ, ಒಂದು ಗಂಟೆಯ ಅಭ್ಯಾಸದ ಕೊನೆಯ ಹತ್ತು ಗುಂಡು ಮೊದಲ ಹತ್ತರಷ್ಟೇ ಚೆನ್ನಾಗಿ ಬಿದ್ದರೆ ಮಾತ್ರ 100 ಗ್ರಾಂ ಸೇರಿಸಿ.